ಸಮಾಧಿಕಲ್ಲು ತೊಳೆಯುತ್ತಿದ್ದ ಕಾಕಾ

ಹೊಸಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನ ಮೇಲೆ ಜೆರಾಕ್ಸ್ ಅಂತ ಇದೆ, ಹೊಟ್ಟೆ ತುಂಬಿಸುವುದು ಮಾತ್ರ ಬ್ಯಾನರು. ಹುಟ್ಟುಹಬ್ಬದ್ದು, ಗೃಹಪ್ರವೇಶದ್ದು, ಚುನಾವಣೆ ಬಂದರೆ ಕೈಮುಗಿದು ನಿಂತವರದ್ದು, ಇವೆಲ್ಲದರ ನಡುವೆ ಸತ್ತವರದ್ದು. ಸತ್ತವರಿಗೆ ಕಂಪ್ಯೂಟರಿನಲ್ಲಿ ಒಂದು ರೆಡಿ ಅಚ್ಚು ಇಟ್ಟುಕೊಂಡಿದ್ದೇನೆ. ಎರಡು ಕಡೆ ದೀಪ, ಮೇಲೆ ಮೋಡ, ನಡುವೆ ಫೋಟೊ. ಹೆಸರು ಬದಲಿಸಿದರೆ ಆಯಿತು, ತಂದಿಟ್ಟ ಟೀ ಆರುವುದರೊಳಗೆ ಕೆಲಸ ಮುಗಿಯುತ್ತದೆ.

ಹೋದ ತಿಂಗಳು ಕಡ್ಡಿರಾಂಪುರದಿಂದ ಕಾಕಾನ ಮಗ ಬಂದ. ಕೈಯಲ್ಲಿ ಆಧಾರ್ ಕಾರ್ಡು. ಅದರಲ್ಲಿರುವುದನ್ನು ಬಿಟ್ಟರೆ ಅಪ್ಪನದು ಬೇರೆ ಫೋಟೊ ಇಲ್ಲವಂತೆ. "ಅಪ್ಪ ಹೋದ್ರಕ್ಕ, ಮಲಗಿದ್ದಲ್ಲೇ" ಅಂದ. ನಾನು ಕಾರ್ಡು ಇಸಕೊಂಡು ಸ್ಕ್ಯಾನ್ ಮಾಡಲು ಕುಂತೆ. "ಹೆಸರಿನ ಕೆಳಗ ಏನಾರ ಹಾಕ್ರೆಕ್ಕ. ಸಮಾಜ ಸೇವಕರು ಅಂತ ಹಾಕಿದ್ರ ಹೆಂಗ?" ಅಂದ. ಎಲ್ಲಿತ್ತೋ ಸಿಟ್ಟು! "ನಿಮ್ಮಪ್ಪ ಯಾವ ಎಲೆಕ್ಷನ್ನಿಗೆ ನಿಂತಿದ್ರೋ?" ಅಂದುಬಿಟ್ಟೆ. ಕೊನೆಗೆ ದೀಪ ತೆಗೆದೆ, ಮೋಡ ತೆಗೆದೆ, ಹೆಸರು, ಊರು, ಎರಡು ತಾರೀಖು ಇಟ್ಟೆ. "ಭಾಳ ಖಾಲಿ ಕಾಣ್ತೈತಲ್ಲಕ್ಕ" ಅಂದ. ಇರಲಿ ಬಿಡು ಅಂದೆ. ಬ್ಯಾನರಿನಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಇಲ್ಲಿ ಬೇಡ. ನಾನು ಯಾವತ್ತೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ.

ಮೊದಲೇ ಹೇಳಿಬಿಡುತ್ತೇನೆ, ಈ ಮನುಷ್ಯನ ಜೊತೆ ನಾನು ದೊಡ್ಡ ಜಗಳ ಆಡಿದ್ದೇನೆ. ನಮ್ಮವ್ವ ತೀರಿಕೊಂಡರೆ ನಮ್ಮಪ್ಪನ ಪಕ್ಕದಲ್ಲೇ ಮಣ್ಣು ಮಾಡಬೇಕು ಅನ್ನುವ ವಿಷಯಕ್ಕೆ. ಆವತ್ತು ನನ್ನ ಬಾಯಿಂದ ಬಂದ ಮಾತು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಅಲ್ಲಿಗೆ ಬರ್ತೀನಿ, ತಡೀರಿ.

ಕಾಕಾ ಹಂಪಿಯಲ್ಲಿ ಕಲ್ಲು ತೊಳೆಯುತ್ತಿದ್ದವರು. ಗುಡಿಯ ಕಂಬ, ಮಂಟಪದ ಗೋಡೆ, ಇವಕ್ಕೆ ಹಿಡಿದ ಹಾವಸೆ, ಬಾವಲಿಗಳ ಗಲೀಜು, ಎಣ್ಣೆಯ ಜಿಡ್ಡು ಎಲ್ಲವನ್ನೂ ನೀರು ಬ್ರಷ್ಷಿನಲ್ಲಿ ತೆಗೆಯುವ ದಿನಗೂಲಿ ಕೆಲಸ. ವಯಸ್ಸಾಯಿತು ಅಂತ ಅಲ್ಲಿಂದ ಬಿಡಿಸಿದ ಮೇಲೆ ಜನರ ಸಮಾಧಿಕಲ್ಲು ತೊಳೆಯಲು ಶುರು ಮಾಡಿದರು. ರಾಜರ ಕಲ್ಲು ಬಿಟ್ಟು ಇದ್ಯಾಕೆ ಕಾಕಾ ಅಂತ ಒಮ್ಮೆ ಕೇಳಿದ್ದೆ. "ರಾಜರ ಕಲ್ಲು ನೋಡಾಕ ದೇಶ ದೇಶದಿಂದ ಬರ್ತಾರ. ನಮ್ಮಂಥೋರ ಕಲ್ಲು ನೋಡೋರು ಇಬ್ರೋ ಮೂವರೋ. ಆ ಇಬ್ರು ಮೂವರಿಗೂ ಕಾಣಲಿಲ್ಲ ಅಂದ್ರ ಹೆಂಗ ಯವ್ವಾ?" ಅಂದಿದ್ದರು.

ಮೊದಲ ಸಲ ಅಂಗಡಿಗೆ ಬಂದಾಗ ಮೊಬೈಲ್ ಮುಂದೆ ಹಿಡಿದು "ಇದನ್ನ ದೊಡ್ಡದು ಮಾಡಿ ತಗಿ" ಅಂದರು. ನೀರು ಚಿಮುಕಿಸಿದ ಒಂದು ಕಲ್ಲಿನ ಫೋಟೊ. ನಾನು ಜಾಣೆ ನೋಡಿ, ಕೇಳದಿದ್ದರೂ ಓದಿದೆ: "ಬಸಪ್ಪ ಅಂತ ಐತಲ್ರೀ."

"ಎಲ್ಲೈತಿ ಬಸಪ್ಪ?"

"ಇಲ್ಲೇ ನೋಡ್ರಿ, ಬ, ಆಮ್ಯಾಲೆ ಪ್ಪ."

"ನಡುವ ಸಿಮೆಂಟ್ ಐತಿ. ನಮ್ಮ ಕಡೆ ಬಸಪ್ಪಗಳು ಭಾಳ, ಅದಕ್ಕ ನಿನಗ ಬಸಪ್ಪ ಕಂಡ. ಕಂಡದ್ದನ್ನ ಓದು ಯವ್ವಾ. ಗೊತ್ತಿದ್ದದ್ದನ್ನ ಓದಬ್ಯಾಡ."

ನನ್ನ ಅಂಗಡಿಗೆ ಬಂದು ನನಗೇ ಅಕ್ಷರ ಕಲಿಸುತ್ತಾನಲ್ಲ ಈ ಮುದುಕ ಅಂತ ಒಳಗೊಳಗೇ ಉರಿದುಹೋಯಿತು. ಎಂಟು ದಿನ ಬಿಟ್ಟು ಮತ್ತೆ ಬಂದರು, ಇನ್ನೊಂದು ಫೋಟೊ ತೆಗೆಸಿದರು. ಸಿಮೆಂಟ್ ಬಿಡಿಸಿದ ಕಲ್ಲು. ಬರಮಪ್ಪ ಅಂತ ಇತ್ತು. ಆ ಫೋಟೊವನ್ನು ನನಗೆ ಕಾಣುವ ಹಾಗೆ ಕೌಂಟರಿನ ಮೇಲಿಟ್ಟು ಎದುರಿನ ಹೋಟೆಲಿಗೆ ಮಂಡಕ್ಕಿ ಒಗ್ಗರಣೆ ತಿನ್ನಲು ಹೋದರು. ಇಂಥ ಸಣ್ಣ ಜಂಬಗಳು ಅವರಲ್ಲಿ ಬೇಕಾದಷ್ಟಿದ್ದವು. ತನ್ನ ಕಣ್ಣಿನ ಬಗ್ಗೆಯಂತೂ ಹೇಳುವುದೇ ಬೇಡ.

ಗಿಡ್ಡ ಆಳು. ಖಾಕಿ ಅಂಗಿ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ. ಸುಣ್ಣ ಮುಟ್ಟಿ ಮುಟ್ಟಿ ಬೆರಳೆಲ್ಲ ಬಿರುಕು. ಟಿವಿಎಸ್ ಗಾಡಿಗೆ ಎರಡು ಕ್ಯಾನು ನೀರು ತೂಗುಹಾಕಿಕೊಂಡು ಕಂಪ್ಲಿ, ಸಂಡೂರು, ದರೋಜಿ ಅಂತ ತಿರುಗುತ್ತಿದ್ದರು. ಚೀಲದಲ್ಲಿ ತೆಂಗಿನ ನಾರಿನ ಬ್ರಷ್ಷು, ಹಳೇ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಚಕ್ಕೆ, ಅಂಟವಾಳಕಾಯಿ ನೆನೆಸಿದ ನೀರಿನ ಬಾಟಲಿ, ಒಂದು ಕನ್ನಡಿ ತುಂಡು. ಕಬ್ಬಿಣದ್ದು ಅಂತ ಒಂದು ಮೊಳೆಯೂ ಇಲ್ಲ. ಕನ್ನಡಿಯಿಂದ ಬಿಸಿಲನ್ನು ಕಲ್ಲಿಗೆ ಅಡ್ಡಡ್ಡ ಹಾಯಿಸಿದರೆ ಸವೆದ ಅಕ್ಷರದ ನೆರಳು ಏಳುತ್ತದೆ. ನನಗೂ ಒಮ್ಮೆ ತೋರಿಸಿದ್ದರು. ಬೋಳು ಕಲ್ಲಿನ ಮೇಲೆ ಇದ್ದಕ್ಕಿದ್ದ ಹಾಗೆ ಒಬ್ಬರ ಹೆಸರು ಎದ್ದು ಕುಂತಾಗ ಮೈ ಜುಂ ಅಂದಿತು.

ಕೆಲಸಕ್ಕೆ ಮುಂಚೆ ಒಂದು ಪದ್ಧತಿ. ಸಮಾಧಿಯ ಪಕ್ಕ ಕುಂತು ಟೀ ಕುಡಿಯುವುದು, ಆಮೇಲೆ ಒಳಗಿದ್ದವರಿಗೆ ತನ್ನ ಪರಿಚಯ ಹೇಳಿಕೊಳ್ಳುವುದು. "ನಾನ್ರೀ, ಕಡ್ಡಿರಾಂಪುರದಾಂವ. ನಿಮ್ಮ ಮೊಮ್ಮಗ ಕಳಿಸ್ಯಾನ. ಎರಡು ದಿನ ನೀರು ಹಾಕ್ತೀನಿ, ತಿಕ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ." ಮುಸಲ್ಮಾನರ ಗೋರಿಯಾದರೆ ಮೊದಲು ಸಲಾಂ, ಕ್ರಿಶ್ಚಿಯನ್ನರದ್ದಾದರೆ ತಲೆಯ ಟವೆಲ್ಲು ತೆಗೆದು ಕೈಯಲ್ಲಿ, ಮುಂದಿನ ಮಾತು ಎಲ್ಲರಿಗೂ ಒಂದೇ. ನೀರು ಹಾಕುವುದು ಬುಡದಿಂದ ಮೇಲಕ್ಕೆ. ಮೇಲಿಂದ ಸುರಿದರೆ ಕೊಳೆ ನೀರು ಒಣ ಕಲ್ಲಿನ ಮೇಲೆ ಇಳಿದು ಪಟ್ಟೆ ಪಟ್ಟೆ ಕಲೆ ಉಳಿಯುತ್ತದಂತೆ.

ಅವರ ಪರಮ ಶತ್ರು ಸುಣ್ಣ. ಹಿರಿಯರಿಗೆ ಎಡೆ ಇಡುವ ಮಾಲಯ ಅಮಾಸಿ ಬಂತು ಅಂದರೆ ನಮ್ಮ ಜನಕ್ಕೆ ಹಿರೇರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಹೋಗಿ ಅಕ್ಷರ ಅಂತ ನೋಡಲ್ಲ, ಕಲ್ಲು ಅಂತ ನೋಡಲ್ಲ, ಬಳಿದದ್ದೇ ಬಳಿದದ್ದು. ಹತ್ತು ಹದಿನೈದು ಅಮಾಸಿಗೆ ಕಲ್ಲು ಪೂರಿಯ ಹಾಗೆ ಊದಿಕೊಂಡು ಹೆಸರು ಒಳಗೇ ಮುಳುಗಿಹೋಗುತ್ತದೆ. ಕಾಕಾ ಅದಕ್ಕೆ ಒದ್ದೆ ಗೋಣಿತಟ್ಟು ಹೊದಿಸಿ ಒಂದು ದಿನ ಬಿಟ್ಟು, ಬಿದಿರಿನ ಚಕ್ಕೆಯಲ್ಲಿ ಪದರ ಪದರ ಬಿಡಿಸುತ್ತಿದ್ದರು. "ಸಿಟ್ಟಿನಿಂದ ಯಾರೂ ಹೆಸರು ಅಳಿಸಿಲ್ಲ ಯವ್ವಾ, ಎಲ್ಲಾರೂ ಪ್ರೀತೀಲೇ ಮುಚ್ಯಾರ" ಅನ್ನುತ್ತಿದ್ದರು.

ಸಂಡೂರಿನ ಕಡೆ ಸುಣ್ಣದ ಜೊತೆ ಅದಿರಿನ ಧೂಳು. ಅಲ್ಲಿಯ ಕಲ್ಲು ತೊಳೆದರೆ ಬೀಟ್‌ರೂಟ್ ತೊಳೆದ ಹಾಗೆ ನೀರು ಹರಿಯುತ್ತದೆ, ನಾಲ್ಕು ಕ್ಯಾನು ಸಾಲುವುದಿಲ್ಲ ಅಂತ ಬೈದುಕೊಳ್ಳುತ್ತಿದ್ದರು. ಕರಡಿಧಾಮದ ದರೋಜಿಯಲ್ಲಿ ಮಾತ್ರ ಮಧ್ಯಾಹ್ನ ಮೂರಕ್ಕೇ ಗಾಡಿ ಏರುವುದು. ಕರಡಿಗೆ ಹೆದರುತ್ತೀರಾ ಅಂದರೆ, "ಹೆದರಿಕಿ ಏನಲ್ಲ, ಆದ್ರ ಅದಕ್ಕ ನನ್ನ ಪರಿಚಯ ಹೇಳ್ಕೊಳ್ಳಾಕ ಟೈಮ್ ಸಿಗಂಗಿಲ್ಲಲ್ಲ" ಅಂತ ನಗುತ್ತಿದ್ದರು.

ಕಂಪ್ಲಿಯ ಒಬ್ಬ ರೈಸ್ ಮಿಲ್ ಸಾಹುಕಾರರು ಇವರನ್ನು ಕರೆಸಿದ್ದರಂತೆ. ಅಜ್ಜನ ಕಲ್ಲಿಗೆ ಮಷಿನ್ ಹಿಡಿಸಿ ನೆಲದ ಗ್ರಾನೈಟಿನಂತೆ ಮಿಂಚಿಸಬೇಕು, ಆಗಲಿಲ್ಲ ಅಂದರೆ ಆಸಿಡ್ ಹಾಕಿ ಅಂದರಂತೆ. ಕಾಕಾ ಕಲ್ಲನ್ನು ಒಂದು ಸುತ್ತು ನೋಡಿ, "ಸಾಹುಕಾರ್ರೇ, ನಿಮ್ಮಜ್ಜ ಇದ್ದಾಗ ಮುಖದ ಮ್ಯಾಲ ಸುಕ್ಕು ಇದ್ದಿಲ್ಲೇನು? ಅದನ್ನ ಮಷಿನ್ನಿಲೆ ತಿಕ್ಕಿಸಿದ್ರೇನು?" ಅಂದರಂತೆ. ಸಾಹುಕಾರರು ಬೆನ್ನು ತಿರುಗಿಸಿ ಹೊರಟುಹೋದರು. ಆ ಕೆಲಸ ಕೈತಪ್ಪಿತು. ಮೂರು ತಿಂಗಳಿಗೆ ಅವರೇ ಗಾಡಿ ಕಳಿಸಿದರು. ಕಾಕಾ ಆ ಕಲ್ಲು ತೊಳೆದರು, ಆದರೆ ಬಲಗಡೆ ಅಂಗೈಯಗಲ ಬೂದು ಪಾಚಿ ಹಾಗೇ ಬಿಟ್ಟರು. "ಅದೂ ನಿಮ್ಮಜ್ಜನ ಜತಿಗೆ ಭಾಳ ದಿನದಿಂದ ಕುಂತೈತಿ. ಇರ್ಲಿ ಬಿಡ್ರಿ" ಅಂದರಂತೆ.

ಇನ್ನು ಜಗಳದ ಮಾತು.

ನಮ್ಮವ್ವ ನನ್ನ ಜೊತೆಗೇ ಇದ್ದಳು, ಅಂಗಡಿಯ ಮೇಲಿನ ಮನೆಯಲ್ಲಿ. ನಮ್ಮೂರು ಕಂಪ್ಲಿ. ಅಪ್ಪ ರೈಸ್ ಮಿಲ್ಲಿನಲ್ಲಿ ದುಡಿಯುತ್ತಿದ್ದ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹೋದ. ಹೊಳೆ ದಂಡೆಯ ರುದ್ರಭೂಮಿಯಲ್ಲಿ ಅವನ ಸಮಾಧಿ, ಅದಕ್ಕೊಂದು ಹೆಸರು ಕೆತ್ತಿಸಿದ ಕಲ್ಲು. ಅದಾದ ಎರಡು ವರ್ಷಕ್ಕೆ ಡ್ಯಾಮಿನಿಂದ ನೀರು ಬಿಟ್ಟು ಹೊಳೆ ಬಂತು. ಸೇತುವೆ ಮುಳುಗಿತು, ರುದ್ರಭೂಮಿಯೂ ಮುಳುಗಿತು. ನೀರು ಇಳಿದ ಮೇಲೆ ನೋಡಿದರೆ ಮೊಣಕಾಲು ಮಟ್ಟ ಕೆಸರು, ಕಲ್ಲೆಲ್ಲ ಅಡ್ಡಾದಿಡ್ಡಿ. ಊರವರೇ ಸೇರಿ ನೆನಪಿದ್ದ ಕಡೆ ನೆಟ್ಟರು. ನಮ್ಮವ್ವನಿಗೆ ಓದಲು ಬಾರದು. ಅವಳ ಲೆಕ್ಕ, ಬೇವಿನ ಗಿಡದಿಂದ ಮೂರನೇದು. ಬೇವಿನ ಗಿಡದಿಂದ ಎಣಿಸಿದಳು, ಮೂರನೆಯ ಕಲ್ಲಿನ ಕೆಸರು ಸೆರಗಿನಲ್ಲೇ ಒರೆಸಿದಳು, ಹಬ್ಬ ಹತ್ತಿರ ಇತ್ತು, ಸುಣ್ಣ ಬಳಿದಳು. ಅಲ್ಲಿ ಮುಂಚೆ ಎರಡು ಬೇವಿನ ಗಿಡ ಇದ್ದವು, ಒಂದನ್ನು ಹೊಳೆ ಕೊಚ್ಚಿಕೊಂಡು ಹೋಗಿತ್ತು ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಅಂದಿನಿಂದ ಪ್ರತಿ ವರ್ಷ ಸುಣ್ಣ, ಹೂವು, ಎಡೆ. ಆ ಕಲ್ಲಿನ ಎಡಗಡೆ ಒಬ್ಬರಿಗೆ ಸಾಕಾಗುವಷ್ಟು ಖಾಲಿ ಜಾಗ. ಅದಕ್ಕೆ ನಾಲ್ಕು ಮೂಲೆಗೆ ನಾಲ್ಕು ಗುಂಡುಕಲ್ಲು ಇಟ್ಟಿದ್ದಳು. ತನ್ನ ಜಾಗ ಅಂತ. ಯಾರಾದರೂ ಆ ಕಡೆ ಗುದ್ದಲಿ ಹಿಡಿದು ಬಂದರೆ ಮುಗಿಯಿತು, ಅವರ ಏಳು ತಲೆಮಾರು ಎದ್ದು ಬರುವ ಹಾಗೆ ಬೈಯುತ್ತಿದ್ದಳು.

ಎರಡು ವರ್ಷದ ಹಿಂದೆ ಡಾಕ್ಟರು ಅವಳ ಎದೆ ನೋಡಿ ನನ್ನೊಬ್ಬಳನ್ನೇ ಹೊರಗೆ ಕರೆದು ಮಾತಾಡಿದರು. ಅದೇ ಹೊತ್ತಿಗೆ ಕಂಪ್ಲಿಯಿಂದ ಸುದ್ದಿ ಬಂತು. ರುದ್ರಭೂಮಿ ಕಮಿಟಿಯವರು ನೆಲ ಮಟ್ಟ ಮಾಡಿಸಿ ದಾರಿ ಹಾಕಿಸುತ್ತಾರಂತೆ. ಅಮಾಸಿಯೊಳಗೆ ಹೆಸರು ಓದಲು ಬರುವ ಕಲ್ಲುಗಳನ್ನು ಬರೆದುಕೊಂಡು ಉಳಿಸುತ್ತಾರೆ, ಬೋಳು ಕಲ್ಲುಗಳನ್ನು ಕಿತ್ತು ಒಂದು ಕಡೆ ಒಟ್ಟುತ್ತಾರೆ. ನಮ್ಮವ್ವ ಮಂಚದ ಮೇಲೆ ಎದ್ದು ಕುಂತಳು. "ನಿಮ್ಮಪ್ಪನ ಹೆಸರು ಕಾಣಂಗ ಮಾಡ್ಸು. ನನ್ನ ಜಾಗ ಉಳಿಲಿ. ಇನ್ನೇನೂ ಬ್ಯಾಡ ನನಗ" ಅಂದಳು. ನಾನು ಕಾಕಾಗೆ ಫೋನ್ ಮಾಡಿದೆ.

ಮೂರನೇ ದಿನ ಅವರೇ ಫೋನ್ ಮಾಡಿದರು. "ಯವ್ವಾ, ನೀ ಒಬ್ಬಾಕೇ ಬಾ. ಅವ್ವನ್ನ ಕರ್ಕೊಂಡು ಬರಬ್ಯಾಡ."

ಬಸ್ಸು ಹತ್ತಿ ಹೋದೆ. ಕಲ್ಲು ಸ್ವಚ್ಛ ಆಗಿತ್ತು. ಸುಣ್ಣದ ಪದರಗಳು ಬುಡದಲ್ಲಿ ಮೊಟ್ಟೆಯ ಸಿಪ್ಪೆಯ ಹಾಗೆ ಬಿದ್ದಿದ್ದವು. ಕಾಕಾ ಒಂದು ಚೊಂಬು ನೀರು ಹಾಕಿ ಪಕ್ಕಕ್ಕೆ ಸರಿದರು. ಓದಿದೆ. ಒಂದು ಹೆಣ್ಣಿನ ಹೆಸರು. ಊರು ಗಾದಿಗನೂರು. ವಯಸ್ಸು ಹದಿನೆಂಟು. ಕೆಳಗೆ ಅವಳಪ್ಪನ ಹೆಸರು, ಅವನು ನಿಲ್ಲಿಸಿದ ಕಲ್ಲು ಅಂತ. ಇನ್ನೊಮ್ಮೆ ಓದಿದೆ. ಅಲ್ಲೇ ಮಣ್ಣಿನ ಮೇಲೆ ಕುಂತೆ.

ಕುಂತಲ್ಲೇ ತಲೆ ಓಡತೊಡಗಿತು. ನಮ್ಮಂಥ ಅಂಗಡಿಯವರ ತಲೆ ಹಾಗೇ. "ಕಾಕಾ, ಮತ್ತ ಸುಣ್ಣ ಹಚ್ಚಿಬಿಡ್ರಿ. ಮ್ಯಾಲೆ ನಮ್ಮಪ್ಪನ ಹೆಸರು ಬಣ್ಣದಾಗ ಬರದ್ರಾತು. ಅವ್ವಗ ಓದಾಕ ಬರಂಗಿಲ್ಲ, ಕಮಿಟಿಯೋರಿಗೆ ಒಂದು ಹೆಸರು ಕಂಡ್ರ ಸಾಕು."

"ಬಣ್ಣದಾಗ ಬರ್ಯಾಕ ನನಗ ಬರಂಗಿಲ್ಲ."

"ನಾ ಬರೀತೀನಿ. ಅಚ್ಚು ಕತ್ತರಿಸ್ಕೊಂಡು ಬರ್ತೀನಿ."

"ಹಂಗಾರ ಈಕಿ ಎಲ್ಲಿ ಹೋಗಬೇಕು?" ಅಂದರು, ಕಲ್ಲಿನ ಕಡೆ ಗದ್ದ ತೋರಿಸಿ.

"ಯಾರೀಕಿ? ಈಕಿನ್ನ ಕೇಳ್ಕೊಂಡು ಯಾರು ಬಂದಾರ ಇಷ್ಟು ವರ್ಷ?"

"ನಿಮ್ಮವ್ವ ಬಂದಾಳಲ್ಲ."

ಅಷ್ಟು ಸಾಕಾಯಿತು ನನಗೆ. ಬಾಯಿಗೆ ಬಂದದ್ದೆಲ್ಲ ಅಂದೆ. "ನಿಮಗ ಸತ್ತೋರ ಮ್ಯಾಲಿನ ಕಳಕಳಿ ಜೀವ ಇದ್ದೋರ ಮ್ಯಾಲ ಇಲ್ಲ. ನಮ್ಮವ್ವ ಇನ್ನೆಷ್ಟು ದಿನ ಇರ್ತಾಳ? ಒಂದು ಸುಳ್ಳು ಹೇಳಿದ್ರ ನಿಮ್ಮ ಗಂಟೇನು ಹೋಗ್ತೈತಿ? ಹೆಣದ ಚಾಕರಿ ಮಾಡಿ ಮಾಡಿ ನೀವೂ ಕಲ್ಲಾಗೀರಿ" ಅಂದೆ. ಕೊನೆಯ ಮಾತು ಆಡಬಾರದಿತ್ತು. ಕಾಕಾ ಗೋಣಿತಟ್ಟು ಹಿಂಡಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು. ನಾನು ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ.

ನಾಲ್ಕು ದಿನ ಫೋನಿಲ್ಲ. ಅವ್ವ ದಿನಾ ಕೇಳುವುದು, ಕಲ್ಲು ಏನಾತು? ನೆನೀತೈತಿ, ನೆನೀತೈತಿ ಅಂತ ನಾನು. ಐದನೇ ದಿನ ಕಾಕಾ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರು. "ಅವ್ವನ ಜತಿ ಮಾತಾಡಬೇಕು" ಅಂದರು. ಆಗಲ್ಲ ಅಂತ ಮೆಟ್ಟಿಲಿಗೆ ಅಡ್ಡ ನಿಂತೆ. ಅಷ್ಟರಲ್ಲಿ ಮೇಲಿಂದ ಅವ್ವ, "ಯಾರದು? ಕಲ್ಲು ತೊಳ್ಯಾಂವ ಬಂದಾನೇನು? ಬಾರಪ್ಪಾ ತಮ್ಮಾ, ಮ್ಯಾಲ ಬಾ" ಅಂದಳು. ಇನ್ನೇನು ಮಾಡಲಿ?

ಕಾಕಾ ನೆಲದ ಮೇಲೆ ಕುಂತರು. ಪೀಠಿಕೆ ಗೀಠಿಕೆ ಏನಿಲ್ಲ. "ಅಕ್ಕಾರ, ನೀವು ಪೂಜಿ ಮಾಡೋ ಕಲ್ಲು ಯಜಮಾನರದಲ್ಲ. ಅದು ಗಾದಿಗನೂರಿನ ಒಂದು ಹೆಣ್ಣುಮಗಳದು. ಯಜಮಾನರ ಕಲ್ಲು ಸಿಕ್ಕೈತಿ. ಜಾಗ ಸಿಕ್ಕಿಲ್ಲ."

ಆ ನಾಲ್ಕು ದಿನ ಅವರು ರುದ್ರಭೂಮಿಯ ಒಂದೊಂದು ಕಲ್ಲನ್ನೂ ಒದ್ದೆ ಮಾಡಿ ಓದಿದ್ದರು. ಎಲ್ಲೂ ಸಿಗದೆ ಕೊನೆಗೆ ಅದರ ಗೇಟಿನ ಮುಂದಿನ ಚರಂಡಿಯ ಮೇಲೆ ಹಾಸಿದ್ದ ಚಪ್ಪಡಿಯನ್ನು ಇಬ್ಬರು ಆಳು ಹಿಡಿಸಿ ಮಗುಚಿದರಂತೆ. ಹೊಳೆ ಬಂದ ವರ್ಷ ಯಾರೋ ಅನುಕೂಲಕ್ಕೆ ಅಂತ ಬೋರಲು ಹಾಕಿದ್ದ ಕಲ್ಲು. ಅದರ ಕೆಳಮುಖದಲ್ಲಿ ನಮ್ಮಪ್ಪನ ಹೆಸರು, ನಿನ್ನೆ ಕೆತ್ತಿದ ಹಾಗೆ.

ಅವ್ವ ತನ್ನ ಪಾದಗಳನ್ನೇ ನೋಡಿಕೊಂಡಳು. ಆಮೇಲೆ, "ಅದರ ಮ್ಯಾಲೇ ಕಾಲಿಟ್ಟು ಒಳಗ ಹೋಗ್ತಿದ್ನಲ್ಲೋ ತಮ್ಮಾ" ಅಂತ ಬಾಯಿಗೆ ಸೆರಗು ಹಿಡಿದಳು.

"ಎಲ್ಲಾರೂ ಇಟ್ಟಾರಕ್ಕಾ. ಬೋರಲು ಬಿದ್ದಿದ್ದಕ್ಕ ಅಕ್ಷರ ಒಂದೂ ಮುಕ್ಕಾಗಿಲ್ಲ."

"ಹಂಗಾರ ಆತ ಎಲ್ಲದಾನ?"

"ಗೊತ್ತಿಲ್ಲಕ್ಕಾ."

"ಹತ್ತಿರದಾನೋ, ದೂರದಾನೋ? ಒಂದು ಅಂದಾಜರ ಹೇಳು."

ನಾನು ಅವ್ವನ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ಕೈಮುಗಿದೆ. ಹತ್ತಿರ ಅಂತ ಒಂದು ಮಾತು ಹೇಳಿ ಪುಣ್ಯಾತ್ಮ. ಹೇಳಲಿಲ್ಲ. "ಕಲ್ಲು ಹೇಳಿದ್ದಷ್ಟ ನನಗ ಗೊತ್ತಕ್ಕಾ. ಮಣ್ಣು ಮಾತಾಡಂಗಿಲ್ಲ" ಅಂದರು. ಅವ್ವ ಕೊಟ್ಟ ಟೀ ಕುಡಿದು ಲೋಟ ತೊಳೆದಿಟ್ಟು ಹೋದರು.

ಎರಡು ದಿನ ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಜಾಗದ ಚಿಂತೆ ಅಂತ ನಾನು ತಿಳಿದಿದ್ದೆ. ಅಲ್ಲ. ಮೂರನೇ ದಿನ ಗಂಜಿ ಕುಡಿಸುವಾಗ ಅಂದಳು: "ಇಷ್ಟು ವರ್ಷ ಆತಗ ಏನೂ ಮುಟ್ಟಿಲ್ಲಲ್ಲೇ. ನಾ ಉಣಿಸಿ ಬಂದೆ ಅಂತ ಮನಿಗೆ ಬಂದು ಹೊಟ್ಟಿ ತುಂಬ ಉಣ್ತಿದ್ದೆ. ಆತ ಎಲ್ಲೋ ಉಪವಾಸ ಕುಂತಿದ್ನಲ್ಲ." ಸತ್ತವರಿಗೆ ಹಸಿವೆ ಎಲ್ಲಿಯದವ್ವಾ ಅಂದೆ. "ನಿನಗೇನ್ ಗೊತ್ತಾಗ್ತೈತಿ" ಅಂದಳು.

ಆಮೇಲೆ ತೀರ್ಮಾನ ಅವಳೇ ಕೊಟ್ಟಳು. ಅಪ್ಪನ ಕಲ್ಲನ್ನು ತಾನು ಕಾದಿಟ್ಟ ಖಾಲಿ ಜಾಗದಲ್ಲಿ ನಿಲ್ಲಿಸಬೇಕು, ತನ್ನನ್ನು ಅದರ ಬುಡದಲ್ಲೇ ಮಣ್ಣು ಮಾಡಬೇಕು. "ಆತ ಸಿಗದಿದ್ರ ಹೋಗ್ಲಿ, ಆತನ ಹೆಸರಿನ ಬುಡಕ್ಕರ ಇರ್ತೀನಿ." ಮತ್ತೆ ಆ ಹುಡುಗಿ? ನಾನೇ ಕೇಳಿದೆ. ಅವ್ವ ನನ್ನನ್ನೇ ದಿಟ್ಟಿಸಿ ನೋಡಿದಳು. "ಇಷ್ಟು ವರ್ಷ ಉಣಿಸೀನಿ, ಈಗ ಎದ್ದು ಹೋಗು ಅನ್ನಾಕ ಬರತೈತೇನ? ಆಕಿ ಅಲ್ಲೇ ಇರ್ಲಿ."

ಕಮಿಟಿಯವರು ಒಪ್ಪಿದರು. ಹೆಸರು ಇದ್ದ ಕಲ್ಲು, ಸುತ್ತ ನಾಲ್ಕು ಗುಂಡುಕಲ್ಲು, ಇನ್ನೇನು ತಕರಾರು? ಕಾಕಾನೇ ನಿಂತು ನೆಡಿಸಿದರು. ನನ್ನ ಜೊತೆ ಮೊದಲಿನಂತೆಯೇ ಮಾತಾಡಿದರು. ನಾನೇ ಮುಖ ಕೊಡಲಾಗದೆ ಅತ್ತಿತ್ತ ನೋಡುತ್ತಿದ್ದೆ. ಆ ಅಮಾಸಿಗೆ ಅವ್ವನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋಗಿದ್ದೆವು. ಎರಡು ಎಡೆ ಇಟ್ಟಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: "ಆತಗ ಮುಟ್ಟಿತೋ ಇಲ್ಲೋ." ಅದಾಗಿ ಮೂರು ವಾರಕ್ಕೆ ಹೋದಳು.

ಮಣ್ಣಿನ ದಿನ ಕಾಕಾ ತಡವಾಗಿ ಬಂದರು. ಎಲ್ಲದಕ್ಕೂ ತಡ ಆ ಮನುಷ್ಯ. ಗಾಡಿಯ ಹಿಂದೆ ಒಬ್ಬ ಮುದುಕರು ಕುಂತಿದ್ದರು. ಬಿಳಿ ರುಮಾಲು, ಕೈಯಲ್ಲಿ ಒಂದು ತೆಂಗಿನಕಾಯಿ. ನಾನು ಗುರುತು ಹಿಡಿಯಲಿಲ್ಲ. ಅವರು ಸೀದಾ ಅವ್ವನ ಹತ್ತಿರ ಹೋಗಿ, ಕೈ ಮುಗಿದು, ಒಂದು ಹಿಡಿ ಮಣ್ಣು ಹಾಕಿ, ಆಮೇಲೆ ಪಕ್ಕದ ಹುಡುಗಿಯ ಕಲ್ಲಿನ ಮುಂದೆ ಕುಂತುಬಿಟ್ಟರು. ಅವಳ ಅಣ್ಣ. ಕಲ್ಲಿನ ಮೇಲಿದ್ದ ಗಾದಿಗನೂರು ಅನ್ನುವ ಒಂದು ಮಾತು ಹಿಡಿದುಕೊಂಡು ಕಾಕಾ ಮನೆ ಮನೆ ಕೇಳುತ್ತಾ ಹೋಗಿ ಹುಡುಕಿದ್ದರು. ತಂಗಿ ಕಂಪ್ಲಿಗೆ ಸೋದರತ್ತೆಯ ಮನೆಗೆ ಬಂದವಳು ಜ್ವರ ಬಂದು ತೀರಿಕೊಂಡಳಂತೆ. ಹೊಳೆ ಬಂದ ವರ್ಷ ಕಲ್ಲೂ ಹೋಯಿತು ಅಂತ ತಿಳಿದು ಅವರು ಈ ಕಡೆ ಬರುವುದನ್ನೇ ಬಿಟ್ಟಿದ್ದರು.

ಜನ ಎಲ್ಲ ಹೋದ ಮೇಲೆ ನಾವು ಮೂವರೇ ಉಳಿದೆವು. ಆ ಅಣ್ಣ ನನ್ನನ್ನು ಕೇಳಿದರು, "ಯವ್ವಾ, ನಿಮ್ಮ ತಾಯಾರು ನಮ್ಮ ತಂಗಿಗೆ ಎಡಿಗೆ ಏನೇನು ಮಾಡ್ತಿದ್ರು?"

"ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದ್ನಿಕಾಯಿ, ಗುರೆಳ್ಳು ಪುಡಿ. ಬ್ಯಾರೆ ಏನೂ ಮಾಡ್ತಿದ್ದಿಲ್ರೀ. ನಮ್ಮಪ್ಪಗ ಬದ್ನಿಕಾಯಿ ಅಂದ್ರ ಜೀವ."

ಮುದುಕರು ತಲೆ ತಗ್ಗಿಸಿದರು. ತೆಂಗಿನಕಾಯಿಯ ಜುಟ್ಟು ತಿರುವುತ್ತಾ, "ಆಕಿಗೆ ಬದ್ನಿಕಾಯಿ ಆಗ್ತಿದ್ದಿಲ್ಲವ್ವ. ಬಡಿಸಿದ್ರ ತಾಟು ದೂಡಿ ಎದ್ದು ಹೋಗ್ತಿದ್ಲು. ಸಣ್ಣಾಕಿದ್ದಾಗಿಂದ ಹಂಗ" ಅಂದರು. ಅಯ್ಯೋ ಶಿವನೇ ಅಂತ ನಾನು ಹಣೆ ಬಡಿದುಕೊಂಡೆ. ಅಪ್ಪನಿಗೂ ಇಲ್ಲ, ಆ ಹುಡುಗಿಗೂ ಇಲ್ಲ, ನಮ್ಮವ್ವನ ಅಷ್ಟು ವರ್ಷದ ಬೆವರು ಯಾರಿಗೂ ಮುಟ್ಟಲಿಲ್ಲವಲ್ಲ ಅಂತ ಅಳು ಒತ್ತಿ ಬಂತು.

ಕಾಕಾ ಚರಂಡಿ ಕಡೆ ನೋಡುತ್ತಾ ಕುಂತಿದ್ದವರು ನನ್ನ ಕಡೆ ತಿರುಗಿದರು. "ಯವ್ವಾ, ಎಲಿ ಮ್ಯಾಲಿಂದು ಉಳೀತಿತ್ತೇನು?"

"ಎಲ್ಲೀದು ಕಾಕಾ. ಹೊಳೀಗೆ ಹೋಗಿ ಕೈಕಾಲು ತೊಳ್ಕೊಂಡು ಬರಾದ್ರಾಗ ಎಲಿ ಖಾಲಿ."

"ಬದ್ನಿಕಾಯಿ?"

"ಒಂದು ವರ್ಷಾನೂ ಉಳೀಲಿಲ್ಲ."

ಅವರು ಅಣ್ಣನ ಮುಖ ನೋಡಿದರು, ಹುಡುಗಿಯ ಕಲ್ಲು ನೋಡಿದರು, ಹೊಸ ಮಣ್ಣು ನೋಡಿದರು. ಕಾಣದ್ದನ್ನು ಯಾವತ್ತೂ ಬಾಯಿಬಿಟ್ಟು ಹೇಳದ ಆ ಮನುಷ್ಯ ಆಗಲೂ ಹೇಳಲಿಲ್ಲ, ಕೇಳಿದರು ಅಷ್ಟೇ.

"ಈಕಿ ಮುಟ್ತಿದ್ದಿಲ್ಲಂತ. ಎಲಿ ಮಾತ್ರ ಖಾಲಿ ಆಗ್ತಿತ್ತಂತ. ಹಂಗಾರ ಆ ಬದ್ನಿಕಾಯಿ ಉಂಡು ಹೋಗ್ತಿದ್ದಾಂವ ಯಾರು?"

ನಾನು ಅವರ ಕೈ ಹಿಡಿದುಕೊಂಡೆ. "ಕಾಕಾ, ಅವ್ವಗ ಕೇಳ್ಸಂಗ ಇನ್ನೊಮ್ಮೆ ಜೋರಾಗಿ ಹೇಳ್ರಿ" ಅಂದೆ.

ಹೇಳಿದರು.